ಲೋಳೆಯ ಕೋಟೆಗೆ ವೈರಸ್ಸಿನ ಕತ್ತರಿ

ಬೆಳಿಗ್ಗೆ ಹಲ್ಲುಜ್ಜುವ ಮುನ್ನ ನಾಲಿಗೆಗೆ ತಗಲುವ ಅಂಟು ಪೊರೆ ಬರಿಯ ಕೊಳೆಯಲ್ಲ. ಅದು ಬ್ಯಾಕ್ಟೀರಿಯಾಗಳ ಊರು. ಹಾಲೆಂಡಿನ ಲೀವೆನ್‌ಹಾಕ್ 1683ರಲ್ಲೇ ಹಲ್ಲಿನ ಕೊಳೆಯನ್ನು ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದ. ಇಂಥ ಊರಿಗೆ ವಿಜ್ಞಾನಿಗಳ ಹೆಸರು ‘ಬಯೋಫಿಲ್ಮ್’, ಅಂದರೆ ಜೈವಿಕ ಪೊರೆ.

ಹಲ್ಲಿನ ಮೇಲಿನದನ್ನು ಉಜ್ಜಿ ತೆಗೆಯಬಹುದು. ಆದರೆ ಮೂತ್ರದ ಕೊಳವೆ, ಕೃತಕ ಕೀಲು, ಹೃದಯದ ಕೃತಕ ಕವಾಟಗಳ ಮೇಲೆ ಬೆಳೆದರೆ? ಸಕ್ಕರೆ ಅಣುಗಳ ಸರಪಳಿ ಮತ್ತು ಪ್ರೋಟೀನುಗಳಿಂದಾದ ಲೋಳೆ ಅಲ್ಲಿ ಕೋಟೆಯಾಗುತ್ತದೆ. ಒಳಗಿನ ಅನೇಕ ಬ್ಯಾಕ್ಟೀರಿಯಾಗಳು ಬೆಳವಣಿಗೆ ನಿಲ್ಲಿಸಿ ಅರೆನಿದ್ರೆಯಲ್ಲಿರುತ್ತವೆ. ಪೆನಿಸಿಲಿನ್‌ನಂಥ ಔಷಧವಾದರೋ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನೇ ಮುಖ್ಯವಾಗಿ ಕೊಲ್ಲುತ್ತದೆ. ಹೀಗಾಗಿ ಇಳಿದ ಜ್ವರ ಮದ್ದು ನಿಲ್ಲಿಸಿದ ಮೇಲೆ ಮರಳಬಹುದು. ಎಷ್ಟೋ ಸಲ, ಅಳವಡಿಸಿದ ಕೀಲನ್ನೇ ಮತ್ತೊಂದು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಗುತ್ತದೆ.

ಬ್ಯಾಕ್ಟೀರಿಯಾಗಳಿಗೂ ಹುಟ್ಟು ವೈರಿಗಳಿವೆ. ಅವುಗಳನ್ನು ತಿನ್ನುವ ವೈರಸ್ಸನ್ನು 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಗುರುತಿಸಿದ. 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ಡಿ’ಹೆರೆಲ್ ಅದಕ್ಕೆ ‘ಬ್ಯಾಕ್ಟೀರಿಯೋಫೇಜ್’ ಎಂದು ಹೆಸರಿಟ್ಟ. ಚಿಕ್ಕದಾಗಿ ‘ಫೇಜ್’.

ಫೇಜ್‌ಗಳ ಬಳಿ ಎರಡು ಬಗೆಯ ಕಿಣ್ವಗಳುಂಟು. ಕೆಲವು ಫೇಜ್‌ಗಳ ಬಾಲದಲ್ಲಿರುವ ಕಿಣ್ವ ಲೋಳೆಯ ಸಕ್ಕರೆ ಸರಪಳಿಯನ್ನು ಕತ್ತರಿಸಿ ದಾರಿ ಮಾಡುತ್ತದೆ. ಒಳಹೊಕ್ಕು ವಂಶ ಬೆಳೆಸಿದ ಮೇಲೆ, ‘ಲೈಸಿನ್’ ಎಂಬ ಇನ್ನೊಂದು ಕಿಣ್ವ ಬ್ಯಾಕ್ಟೀರಿಯಾದ ಗೋಡೆಯನ್ನು ಒಡೆದು ಮರಿ ಫೇಜ್‌ಗಳನ್ನು ಹೊರಬಿಡುತ್ತದೆ. ವೈರಸ್ಸನ್ನು ಬಿಟ್ಟು ಈ ಕಿಣ್ವವನ್ನಷ್ಟೇ ಹೊರಗಿನಿಂದ ಪ್ರಯೋಗಿಸಿದರೆ? ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿನ್ಸೆಂಟ್ ಫಿಶೆಟ್ಟಿ ತಂಡ 2001ರಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿತು. ಅವುಗಳ ಗಂಟಲಿನ ಸ್ಟ್ರೆಪ್ಟೋಕಾಕಸ್ ನಾಶವಾಯಿತು. ಗೋಡೆಯನ್ನೇ ಕೆಡವುವುದರಿಂದ ಲೈಸಿನ್‌ಗೆ ನಿದ್ರಿಸುವ ಬ್ಯಾಕ್ಟೀರಿಯಾವೂ ಬಲಿ.

ಬೆಂಗಳೂರಿನ ಗಂಗಾಜೆನ್ ಸಂಸ್ಥೆ ಫೇಜ್‌ನ ಇಂಥದೇ ಕಿಣ್ವದಿಂದ ‘ಪಿ128’ ಎಂಬ ಪ್ರೋಟೀನನ್ನು ರೂಪಿಸಿತು. ಪ್ರಯೋಗಾಲಯದಲ್ಲಿ ಅದು ಆಂಟಿಬಯಾಟಿಕ್‌ಗಳ ಜೊತೆಗೂಡಿ ಸ್ಟ್ಯಾಫಿಲೋಕಾಕಸ್‌ನ ಪೊರೆಯನ್ನು ಹೆಚ್ಚು ಪರಿಣಾಮಕಾರಿಯಾಗಿ ಅಡಗಿಸಿತು.

ಹಾಗೆಂದು ಇದು ರಾಮಬಾಣವಲ್ಲ. ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥವುಗಳಿಗೆ ಇನ್ನೊಂದು ಹೊರಪೊರೆ ಇರುವುದರಿಂದ ಹೊರಗಿನ ಲೈಸಿನ್ ಸುಲಭವಾಗಿ ಗೋಡೆ ಮುಟ್ಟದು. ‘ಎಕ್ಸೆಬಕೇಸ್’ ಎಂಬ ಲೈಸಿನ್‌ನ ಮೂರನೇ ಹಂತದ ಮಾನವ ಪರೀಕ್ಷೆ, ನಿರೀಕ್ಷಿತ ಪ್ರಯೋಜನ ಕಾಣದೆ 2022ರಲ್ಲಿ ನಿಂತಿತು. ಗಾಜಿನ ಬಟ್ಟಲಲ್ಲಿ ಗೆದ್ದದ್ದು ರೋಗಿಯ ರಕ್ತದಲ್ಲೂ ಗೆಲ್ಲಬೇಕು. ಕೃತಕ ಕೀಲು ಹೊತ್ತವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ತಪ್ಪುವುದು ಆಗಲೇ.