ಕಿರ್ಲೋಸ್ಕರರ ಕಾಲ: ಕೆಲವು ವಸ್ತುಗಳ ಸಾಕ್ಷ್ಯ

ಪುಣೆಯ ಶಿವಾಜಿನಗರದಲ್ಲಿ, ಜಂಗಲಿ ಮಹಾರಾಜ ರಸ್ತೆಯ ಬದಿಯಲ್ಲಿ, 1968ನೆಯ ಜೂನ್ 26ರಂದು ಉದ್ಘಾಟನೆಗೊಂಡ ಬಾಲಗಂಧರ್ವ ರಂಗಮಂದಿರವಿದೆ. ವಿದ್ಯುದ್ದೀಪಗಳ ಬೆಳಕಿನಲ್ಲಿ, ಧ್ವನಿವರ್ಧಕದ ನೆರವಿನಿಂದ ನಡೆಯುವ ಸಂಗೀತ ನಾಟಕವನ್ನು ಇಂಥ ಮಂದಿರದಲ್ಲಿ ನೋಡಿದ ರಸಿಕನು, ಆ ಪರಂಪರೆಯ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರ ಕಾಲವನ್ನೇ ಕಂಡೆನೆಂದು ಭಾವಿಸುವುದು ಸಹಜ. ಆದರೆ ಈ ಭಾವನೆ ಸರಿಯಲ್ಲ. ನಾಟಕದ ಮಾತು ಅದೇ ಆಗಿದ್ದರೂ, ಅದನ್ನು ಸುತ್ತುವರಿದ ವಸ್ತುಗಳು ಬೇರೆಯಾಗಿವೆ. ಆ ವಸ್ತುಗಳನ್ನು ಒಂದೊಂದಾಗಿ ತೆಗೆದು ನೋಡಿದ ಹೊರತು ನಾಟಕಕಾರನ ಕಾಲವು ಗೋಚರಿಸದು.

ಬಲವಂತ ಪಾಂಡುರಂಗ ಕಿರ್ಲೋಸ್ಕರರು 1843ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಸರ್ಕಾರದ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದ ಅವರು ಕಾಳಿದಾಸನ ಕೃತಿಯನ್ನು ಆಧರಿಸಿ ಮರಾಠಿಯಲ್ಲಿ ರಚಿಸಿದ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು 1880ನೆಯ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಪ್ರಯೋಗಗೊಂಡವು. 1882ರಲ್ಲಿ ‘ಸೌಭದ್ರ’ ಬಂದಿತು. 1885ರಲ್ಲಿ ಅವರು ತೀರಿಕೊಂಡರು.

ಮೊದಲು ದೀಪವನ್ನು ಪರಿಶೀಲಿಸಬಹುದು. ಅಂದು ಪುಣೆಯಲ್ಲಿ ವಿದ್ಯುತ್ತಿರಲಿಲ್ಲ. ರಂಗಕ್ಕೆ ಬೆಳಕಾಗಿದ್ದುದು ಎಣ್ಣೆಯ ದೀಪ. ಹರಳೆಣ್ಣೆಯ ಜೊತೆಗೆ ಆಗ ಹೊಸದಾಗಿ ಬಳಕೆಗೆ ಬರುತ್ತಿದ್ದ ತೈಲಕ್ಕೆ ಕನ್ನಡಿಗರು ‘ಸೀಮೆಎಣ್ಣೆ’ ಎಂದು ಹೆಸರಿಟ್ಟರು. ಅದು ಪರದೇಶದಿಂದ ಬಂದುದೆಂಬ ಅರ್ಥ ಆ ಪದದಲ್ಲಿಯೇ ಅಡಗಿದೆ. ಇಂಥ ಮಂದ ಬೆಳಕಿನಲ್ಲಿ ನಟನ ಕಣ್ಣಿನ ಸೂಕ್ಷ್ಮ ಚಲನೆ ಹಿಂದಿನ ಸಾಲಿನವರಿಗೆ ಕಾಣುವಂತಿರಲಿಲ್ಲ. ಭಾವವು ಅವರನ್ನು ಮುಟ್ಟಬೇಕಾದರೆ ಕಂಠದ ಮೂಲಕವೇ ಮುಟ್ಟಬೇಕಾಗಿತ್ತು. ‘ಶಾಕುಂತಲ’ದಲ್ಲಿ ಹಾಡುಗಳು ಇನ್ನೂರರ ಆಸುಪಾಸಿನಲ್ಲಿರುವುದನ್ನು ಕೇವಲ ಸಂಗೀತಪ್ರಿಯತೆಯೆಂದು ತಿಳಿಯದೆ, ಈ ಬೆಳಕಿನೊಡನೆ ಸೇರಿಸಿ ನೋಡುವುದು ಉಚಿತ.

ಎರಡನೆಯದು ವಾದ್ಯ. ಬಾಲಗಂಧರ್ವರ ಹೆಸರಿನೊಡನೆ ಆರ್ಗನ್ನಿನ ದೀರ್ಘ ನಾದವೂ, ಅಹಮದ್‌ಜಾನ್ ತಿರಖವಾ ಅವರ ತಬಲವೂ ನೆನಪಾಗುತ್ತವೆ. ಆದರೆ ಬಾಲಗಂಧರ್ವರು ಕಿರ್ಲೋಸ್ಕರ ಮಂಡಳಿಯನ್ನು ಸೇರಿದ್ದು 1905ರಲ್ಲಿ, ಸ್ವಂತ ಮಂಡಳಿಯನ್ನು ಕಟ್ಟಿದ್ದು 1913ರಲ್ಲಿ. ಮರಾಠಿ ರಂಗದ ಮೇಲೆ ಆರ್ಗನ್ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಂದು ಪದವನ್ನು ಬಹುಕಾಲ ವಿಸ್ತರಿಸಿ ಹಾಡುವ ಪದ್ಧತಿಯೂ ಅನಂತರದ್ದೇ. ಇನ್ನೂರು ಪದಗಳು ಒಂದೇ ನಾಟಕದಲ್ಲಿ ಹಿಡಿಸಬೇಕಾದರೆ ಅವು ಚಿಕ್ಕವಾಗಿರಬೇಕು, ಮಟ್ಟುಗಳು ಜನರಿಗೆ ಪರಿಚಿತವಾಗಿರಬೇಕು. ಕಿರ್ಲೋಸ್ಕರರು ಆರಿಸಿಕೊಂಡ ಮಟ್ಟುಗಳಲ್ಲಿ ಕನ್ನಡ ನಾಡಿನವೂ ಇದ್ದುವೆಂಬುದು ಇಲ್ಲಿ ಸ್ಮರಣೀಯ.

ಮೂರನೆಯದು ಚಿತ್ರಪಟ. ಶಕುಂತಲೆಯೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ರಾಜಾ ರವಿವರ್ಮನ ಶಕುಂತಲೆ. ಆ ಚಿತ್ರಗಳು ಅಚ್ಚಾಗಿ ಮನೆಮನೆಯ ಗೋಡೆಗೆ ಬಂದದ್ದು 1894ರಲ್ಲಿ ಮುಂಬಯಿಯಲ್ಲಿ ಅವನ ಮುದ್ರಣಾಲಯ ಸ್ಥಾಪನೆಯಾದ ಮೇಲೆ, ಅಂದರೆ ಕಿರ್ಲೋಸ್ಕರರು ತೀರಿಕೊಂಡು ಒಂಬತ್ತು ವರ್ಷ ಕಳೆದ ಮೇಲೆ. 1880ರ ಸಾಮಾನ್ಯ ಪ್ರೇಕ್ಷಕನು ಮನೆಯ ಗೋಡೆಯ ಮೇಲಿನ ಶಕುಂತಲೆಯನ್ನು ರಂಗದ ಶಕುಂತಲೆಯೊಡನೆ ಹೋಲಿಸಿ ನೋಡುವಂತಿರಲಿಲ್ಲ. ಸೀರೆಯುಟ್ಟು ರಂಗಕ್ಕೆ ಬಂದ ಪುರುಷನಟನೇ ಅವನ ಪಾಲಿಗೆ ಶಕುಂತಲೆಯಾಗಿದ್ದನು.

ನಾಲ್ಕನೆಯದು ಕಥೆಯೊಳಗಿನ ವಸ್ತುವಾದ ಉಂಗುರ. ದುಷ್ಯಂತನು ಎದುರಿಗೆ ನಿಂತ ಪತ್ನಿಯನ್ನು ನಂಬನು, ಮುದ್ರೆಯುಳ್ಳ ಉಂಗುರವನ್ನು ನಂಬುವನು. ಕಾಳಿದಾಸನಲ್ಲಿ ಇದು ಶಾಪದ ಫಲ. ಆದರೆ ಭಾರತೀಯ ಸಾಕ್ಷ್ಯ ಕಾಯಿದೆಯು 1872ರಲ್ಲಿ ಜಾರಿಗೆ ಬಂದಿತ್ತೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಬರಹದಲ್ಲಿರುವ ಕರಾರನ್ನು ಬರಿಯ ಬಾಯಿಮಾತಿನಿಂದ ಅಲ್ಲಗಳೆಯಲಾಗದೆಂಬ ನಿಯಮವು ಮೊಹರು ಮತ್ತು ಛಾಪಾಕಾಗದಗಳ ಬೆಲೆಯನ್ನು ಹಳ್ಳಿಯ ರೈತನಿಗೂ ಕಲಿಸುತ್ತಿದ್ದ ಕಾಲವದು. ಕಂದಾಯ ಕಚೇರಿಯ ನೌಕರನೊಬ್ಬನು ಬರೆದ ನಾಟಕದಲ್ಲಿ, ಗುರುತು ಕಳೆದುಕೊಂಡು ಸಭೆಯಲ್ಲಿ ನಿಂತ ಹೆಂಗಸಿನ ಸಂಕಟವು ಅಂದಿನ ಪ್ರೇಕ್ಷಕರಿಗೆ ಪುರಾಣವಾಗಿ ಮಾತ್ರ ತೋರಿರಲಾರದು.

ಕಿರ್ಲೋಸ್ಕರರನ್ನು ಕುರಿತು ಎರಡು ವಾದಗಳುಂಟು. ಭಾಷೆಯನ್ನು ಮುಂದಿಟ್ಟು ಅವರು ಮರಾಠಿಗರೆಂಬುದು ಒಂದು. ಹುಟ್ಟೂರನ್ನು ಮುಂದಿಟ್ಟು ಕನ್ನಡನಾಡಿನವರೆಂಬುದು ಮತ್ತೊಂದು. ಎರಡೂ ನಿಜವೇ ಆದರೂ ಎರಡೂ ಅಪೂರ್ಣ. ವಸ್ತುಗಳು ಈ ವ್ಯಾಜ್ಯದಲ್ಲಿ ಪಕ್ಷ ವಹಿಸುವುದಿಲ್ಲ. ಗುಳೇದಗುಡ್ಡದಲ್ಲಿ ನೇಯ್ದ ಖಣವು ಧಾರವಾಡದ ಹೆಣ್ಣುಮಕ್ಕಳಿಗೆ ಕುಪ್ಪಸವಾದಂತೆ ಪುಣೆಯ ಹೆಣ್ಣುಮಕ್ಕಳಿಗೆ ಚೋಳಿಯಾಯಿತು. ಇಳಕಲ್ಲಿನ ಸೀರೆಯನ್ನು ಕೃಷ್ಣೆಯ ಎರಡೂ ದಡದವರು ಉಟ್ಟರು. ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ವು 1843ರಲ್ಲಿ ಸಾಂಗಲಿಯಲ್ಲಿ ನಡೆಯುವುದಕ್ಕೆ ಉತ್ತರ ಕನ್ನಡದಿಂದ ಹೋದ ಭಾಗವತರ ಆಟವೇ ಪ್ರೇರಣೆಯಾಯಿತು, ಮುಂದೆ ಮರಾಠಿ ಮಂಡಳಿಗಳ ಜನಪ್ರಿಯತೆಯು ಗದಗಿನ ಶಾಂತಕವಿಗಳನ್ನು ಕನ್ನಡ ನಾಟಕರಚನೆಗೆ ಎಚ್ಚರಿಸಿತು. ಕೊಟ್ಟವರು ಯಾರು, ಕೊಂಡವರು ಯಾರು ಎಂಬ ಲೆಕ್ಕ ಇಲ್ಲಿ ಒಂದೇ ಕಡೆಗೆ ನಿಲ್ಲುವುದಿಲ್ಲ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆಯೊಳಗೆ ಹಳೆಯ ಖಣದ ಕುಪ್ಪಸವೊಂದು, ಅಟ್ಟದ ಮೇಲೆ ಚಿಮಣಿ ದೀಪವೊಂದು ಇದ್ದರೆ ಅದು ಹಳೆಯ ಸಾಮಾನು ಮಾತ್ರವಲ್ಲ, ಅಚ್ಚಾದ ನಾಟಕವು ಹೇಳದೆ ಬಿಟ್ಟ ಸಂಗತಿಗಳಿಗೆ ಸಾಕ್ಷಿ. ಅವನ್ನು ಮಾರುವ ಮುನ್ನ ಅವು ಯಾವ ಊರಿನವು, ಯಾರು ಬಳಸಿದರು, ಯಾವ ವರ್ಷದವು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡುವುದು ಒಳ್ಳೆಯದು. ಉಂಗುರವು ಸಿಕ್ಕಿದರೂ ಅದು ಯಾರದೆಂದು ಹೇಳುವವರಿಲ್ಲದಿದ್ದರೆ ಅದರಿಂದ ನೆನಪು ಮರಳದು.