ಎರೆ ಸೀಮೆಯಲ್ಲಿ ಸೈಕಲ್ ಸಾಕುವುದು

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಐವತ್ತು ಕಿಲೋಮೀಟರ್‌ಗೆ ತುಸು ಹೆಚ್ಚು ದಾರಿ. ಮೋಟಾರಿನವರಿಗೆ ಅದು ಬರೀ ಒಂದು ಹೆದ್ದಾರಿ, ನಂಬರು 150ಎ. ಸೈಕಲ್ಲಿನವರು ಮಾತ್ರ ಅಷ್ಟರಲ್ಲೇ ಮೂರ್ನಾಲ್ಕು ಬಗೆಯ ನೆಲ ತುಳಿಯಬೇಕು. ಒಂದು ಕಡೆ ಕೆಂಪು ಮಸಾರಿ, ಮಸ್ಕಿಯ ಗುಡ್ಡಗಳ ಸುತ್ತ ಚಕ್ರದಡಿ ಕರಕರ ಎನ್ನುವ ಗರಸು, ಮಳೆ ಬಿದ್ದರೆ ಕಾಲು ಕೀಳಗೊಡದ ಎರೆ ಹೊಲ. ಸಿಂಧನೂರು ಹತ್ತಿರವಾದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಲ್ಲಲ್ಲಿ ಬೆಳ್ಳಗೆ ಉಪ್ಪೊಡೆದ ಸವಳು. ಸೈಕಲ್ ನೋಡಿಕೊಳ್ಳುವ ಬಗ್ಗೆ ಇರುವ ಪುಸ್ತಕಗಳು ಹೆಚ್ಚಾಗಿ ಹಿಮ ಬೀಳುವ ದೇಶದವು. ಅವುಗಳಲ್ಲಿ ನೆಗ್ಗಿಲು ಮುಳ್ಳಿಗೂ ಎರೆ ಮಣ್ಣಿಗೂ ಮೇ ತಿಂಗಳ ಡಾಂಬರಿಗೂ ಸಿಗುವ ಜಾಗ ಕಡಿಮೆ. ಆದರೆ ಇಲ್ಲಿ ಸೈಕಲ್ ಹಾಳಾಗುವುದು ಇವುಗಳಿಂದಲೇ.

ಮೊದಲು ಮುಳ್ಳು. ಈ ಸೀಮೆಯಲ್ಲಿ ಎರಡು ಬಗೆಯ ಮುಳ್ಳು ಟೈರಿಗೆ ಶತ್ರು. ಒಂದು ಬಳ್ಳಾರಿ ಜಾಲಿಯದು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಮೂಲ ಅಮೆರಿಕ ಖಂಡದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸೌದೆಗೆಂದು ತಂದು ಬೆಳೆಸಿದ್ದು ಈಗ ಹಳ್ಳ, ಬೇಲಿ, ರಸ್ತೆ ಅಂಚು ಎಲ್ಲವನ್ನೂ ಆಕ್ರಮಿಸಿದೆ. ಅದರ ಮುಳ್ಳು ಉದ್ದ, ನೆಟ್ಟಗೆ, ಒಣಗಿದ ಮೇಲೆ ಇನ್ನೂ ಗಟ್ಟಿ. ಕಡಿದ ಟೊಂಗೆ ಸಾಗಿಸುವ ಟ್ರ್ಯಾಕ್ಟರ್ ಹೋದ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೊಂದು ನೆಲಕ್ಕಂಟಿಕೊಂಡು ಹಬ್ಬುವ, ಹಳದಿ ಹೂವಿನ ನೆಗ್ಗಿಲು. ಇದರ ಕಾಯಿ ಒಣಗಿದಾಗ ಐದು ತುಂಡಾಗಿ ಒಡೆಯುತ್ತದೆ. ಒಂದೊಂದು ತುಂಡಿಗೂ ಎರಡು ದೊಡ್ಡ ಮುಳ್ಳು, ಎರಡು ಸಣ್ಣ ಮುಳ್ಳು. ತುಂಡು ಹೇಗೇ ಬಿದ್ದರೂ ಒಂದು ಮೊನೆಯಾದರೂ ಆಕಾಶ ನೋಡುತ್ತಲೇ ಇರುತ್ತದೆ. ಪ್ರಾಣಿಗಳ ಪಾದಕ್ಕೆ ಚುಚ್ಚಿಕೊಂಡು ಬೀಜ ದೂರ ಹೋಗಲಿ ಎಂದು ಗಿಡ ಕಂಡುಕೊಂಡ ಉಪಾಯ ಇದು. ಗೊರಸಿನ ಬದಲು ರಬ್ಬರು ಸಿಕ್ಕರೂ ಅದರ ಕೆಲಸ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಈ ಮುಳ್ಳು ಚುಚ್ಚಿದ ತಕ್ಷಣ ಗಾಳಿ ಬುಸ್ಸೆಂದು ಹೋಗುವುದಿಲ್ಲ. ಮುಳ್ಳೇ ಬಿರಡೆಯಾಗಿ ಕೂತು ಗಾಳಿ ಮೆಲ್ಲಗೆ ಸೋರುತ್ತದೆ. ರಾತ್ರಿ ಚೆನ್ನಾಗಿದ್ದ ಚಕ್ರ ಬೆಳಿಗ್ಗೆ ಕೂತಿರುತ್ತದೆ. ಹಾಗಾಗಿ ದಾರಿ ಮಧ್ಯೆ ಟೈರಿನಲ್ಲಿ ನೆಗ್ಗಿಲು ಕಂಡರೆ ಕೀಳುವ ಆತುರ ಬೇಡ. ಅಂಗಡಿ ಹತ್ತಿರವಿದ್ದರೆ ಮುಳ್ಳಿನ ಸಮೇತ ಅಲ್ಲಿಗೆ ತಲುಪುವುದೇ ಜಾಣತನ.

ಪಂಚರ್ ಅಂಗಡಿಯಲ್ಲಿ ನಡೆಯುವುದನ್ನು ಒಮ್ಮೆ ನಿಂತು ನೋಡಿ, ಅಪ್ಪಟ ರಸಾಯನಶಾಸ್ತ್ರ. ಬುಟ್ಟಿ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಏಳುವ ಜಾಗ ಗುರುತು ಮಾಡುತ್ತಾರೆ. ಒರೆಸಿ, ಅರದಿಂದ ತಿಕ್ಕುತ್ತಾರೆ. ತಿಕ್ಕುವುದು ಕೊಳೆ ಹೋಗಲಿ ಎಂದಷ್ಟೇ ಅಲ್ಲ: ಟ್ಯೂಬಿನ ಮೇಲ್ಮೈಯಲ್ಲಿ ಹಳತಾಗಿ ಗಡಸಾದ ರಬ್ಬರಿನ ಪದರವೂ ಅಚ್ಚಿನಿಂದ ಬಂದ ಪುಡಿಯೂ ಇರುತ್ತವೆ, ಅವುಗಳ ಮೇಲೆ ಯಾವ ಅಂಟೂ ನಿಲ್ಲದು. ಆಮೇಲೆ ಸಲ್ಯೂಷನ್. ಅದು ಪೆಟ್ರೋಲಿನ ಜಾತಿಯ ದ್ರಾವಕದಲ್ಲಿ ಕರಗಿಸಿದ ರಬ್ಬರು. ದ್ರಾವಕ ಟ್ಯೂಬಿನ ಮೇಲ್ಪದರವನ್ನು ಉಬ್ಬಿಸಿ ಸಡಿಲಿಸುತ್ತದೆ; ಅದು ಆರಿದಾಗ ತೇಪೆಯ ರಬ್ಬರಿನ ಉದ್ದುದ್ದ ಅಣುಸರಪಳಿಗಳು ಟ್ಯೂಬಿನವುಗಳ ಜತೆ ಹೆಣೆದುಕೊಳ್ಳುತ್ತವೆ. ಹಸಿ ಇರುವಾಗಲೇ ತೇಪೆ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಅಂಟು ಬಲಿಯುವುದಿಲ್ಲ. ಮೆಕ್ಯಾನಿಕ್ ಊದಿ ಊದಿ ಕಾಯುವ ಆ ಎರಡು ನಿಮಿಷದಲ್ಲಿ ನಾವು "ಲಗೂ ಮಾಡ್ರಿ" ಎಂದು ಅವಸರ ಮಾಡಬಾರದು.

ಟ್ಯೂಬು ಒಳಗೆ ಹೋಗುವ ಮೊದಲು ಬಟ್ಟೆ ತುಂಡೊಂದನ್ನು ಟೈರಿನ ಒಳಗೆ ಸುತ್ತ ಎಳೆಯಬೇಕು. ಮುರಿದ ಮುಳ್ಳಿನ ಮೊನೆ ಇದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಪಂಚರ್. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಹಾಸುವ ರೂಢಿಯೂ ಇದೆ. ಅದರಿಂದ ಸೈಕಲ್ ತುಸು ಭಾರವಾಗಿ ಓಡುತ್ತದೆ, ಏಕೆಂದರೆ ಚಕ್ರ ಉರುಳುವಾಗ ಹೆಚ್ಚು ರಬ್ಬರು ಮಡಿಚಿ ಬಿಡಿಸಿಕೊಳ್ಳಬೇಕು, ಆ ಕೆಲಸಕ್ಕೆ ಖರ್ಚಾದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದರೂ ಜಾಲಿ ಸೀಮೆಯಲ್ಲಿ ಇದು ಲಾಭದ ವ್ಯಾಪಾರ ಎಂದೇ ನನ್ನ ಎಣಿಕೆ.

ಬೇಸಿಗೆ ಬಂತೆಂದರೆ ಇಲ್ಲಿ ಒಂದು ನಂಬಿಕೆ ಚಾಲ್ತಿಗೆ ಬರುತ್ತದೆ: ಬಿಸಿಲಿಗೆ ಗಾಳಿ ಹಿಗ್ಗಿ ಟ್ಯೂಬು ಒಡೆಯುತ್ತದೆ, ಆದ್ದರಿಂದ ಗಾಳಿ ಕಡಿಮೆ ಇರಲಿ. ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ 30 ಡಿಗ್ರಿಯಲ್ಲಿ 50 ಪೌಂಡ್ ಗಾಳಿ ಹೊಡೆದಿದ್ದೀರಿ. ಮಧ್ಯಾಹ್ನ ಬಿಸಿಲಿಗೆ ನಿಂತು ಟೈರು 65 ಡಿಗ್ರಿಗೆ ಕಾದಿತು ಎನ್ನಿ. ಆಗ ಒತ್ತಡ ಏರುವುದು ಏಳೆಂಟು ಪೌಂಡ್ ಮಾತ್ರ. ಒಳ್ಳೆಯ ಟೈರಿಗೆ ಇದೊಂದು ಲೆಕ್ಕವಲ್ಲ. ಒಡೆಯುವುದು ಬಿಸಿಲಿಗೆ ಬಿರುಕುಬಿಟ್ಟ ಹಳೇ ಟೈರು, ಬಿಸಿಗೆ ಮೆತ್ತಗಾಗಿ ಜಾರಿದ ಕಳಪೆ ತೇಪೆ. ಗಾಳಿ ಇಳಿಸಿಕೊಂಡು ಹೋದರೆ ಅದಕ್ಕಿಂತ ಹೆಚ್ಚಿನ ಹಾನಿ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರವಿದ್ದು, ಗಾಳಿ ಚದರ ಸೆಂಟಿಮೀಟರ್‌ಗೆ ಮೂರೂವರೆ ಕಿಲೋ ಒತ್ತಡದಲ್ಲಿದ್ದರೆ, ಟೈರು ನೆಲಕ್ಕೆ ತಾಗುವ ಜಾಗ ಸುಮಾರು 14 ಚದರ ಸೆಂಟಿಮೀಟರ್. ಗಾಳಿ ಅರ್ಧವಾದರೆ ತಾಗುವ ಜಾಗ ಇಮ್ಮಡಿ. ಅಷ್ಟು ರಬ್ಬರು ಬಳುಕಿ ಬಿಸಿಯಾಗುತ್ತದೆ, ತೊಡೆ ಸೋಲುತ್ತದೆ, ತಗ್ಗಿಗೆ ಇಳಿದಾಗ ರಿಮ್ಮು ನೆಲ ಮುಟ್ಟಿ ಟ್ಯೂಬಿಗೆ ಜೋಡಿ ಸೀಳು ಬೀಳುತ್ತದೆ. ಹೊಸ ಟೈರು, ನೆರಳಿನ ನಿಲುಗಡೆ, ಪೂರ್ತಿ ಗಾಳಿ: ಬೇಸಿಗೆಗೆ ಇಷ್ಟೇ. ಬಿಸಿಲಿಗೆ ನಿಜಕ್ಕೂ ಸೋಲುವುದು ವಾಲ್ ಟ್ಯೂಬು. ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಮುಟ್ಟಿಸಿ, ಗುಳ್ಳೆ ಉಬ್ಬಿದರೆ ಪಂಚರ್ ಹುಡುಕುವ ಮೊದಲು ಆ ಪುಟ್ಟ ರಬ್ಬರ್ ನಳಿಗೆ ಬದಲಿಸಿ.

ಇನ್ನು ಚೈನು. ಅದರ ಶತ್ರು ಇಲ್ಲಿನ ಕಲ್ಲಿನ ಪುಡಿ. ಮಸ್ಕಿ ಎಂದರೆ ಅಶೋಕನ ಶಾಸನ. 1915ರಲ್ಲಿ ಅದನ್ನು ಕಂಡ ಬೀಡನ್ ಎಂಬಾತ ಚಿನ್ನ ಹುಡುಕಿಕೊಂಡು ಓಡಾಡುತ್ತಿದ್ದ ಗಣಿ ಎಂಜಿನಿಯರ್. ಅಂಥವರು ಹಿಂಬಾಲಿಸುವುದು ಬೆಣಚುಕಲ್ಲಿನ ಎಳೆಗಳನ್ನು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲೂ ಚಿನ್ನ ಇರುವುದು ಅಂಥ ಎಳೆಗಳಲ್ಲೇ. ಗ್ರಾನೈಟಿನಲ್ಲೂ ಇರುವ ಈ ಬೆಣಚು ಪುಡಿಯಾಗಿ ರಸ್ತೆಯ ಗರಸಿನಲ್ಲಿ ಸೇರುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚಿಗೆ 7. ಸಾಮಾನ್ಯ ಉಕ್ಕು ಅದಕ್ಕಿಂತ ಮೆದು. ಸಿಂಧನೂರಿನ ಕಡೆ ಗರಸು ಕಡಿಮೆ ಎಂದು ನಿರಾಳವಾಗುವಂತಿಲ್ಲ. ಅಲ್ಲಿ ಅಕ್ಕಿ ಗಿರಣಿಗಳಿವೆ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಶೇ 85ಕ್ಕೂ ಹೆಚ್ಚು ಸಿಲಿಕಾ ಇರುತ್ತದೆ, ಅಂದರೆ ಬೆಣಚುಕಲ್ಲಿನದೇ ವಸ್ತು.

ಚೈನು "ಹಿಗ್ಗಿದೆ" ಎನ್ನುತ್ತಾರೆ. ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನು ಸುತ್ತ ಈ ಪುಡಿ ಸೇರಿ ಅರೆದು ತೂತು ದೊಡ್ಡದಾಗುತ್ತದೆ. ನೂರಕ್ಕೂ ಹೆಚ್ಚು ಕೀಲುಗಳ ಕೂದಲೆಳೆಯಷ್ಟು ಸವೆತ ಕೂಡಿ ಚೈನು ಉದ್ದವಾಗುತ್ತದೆ. ಅಳೆಯಲು ಶಾಲೆಯ ಒಂದಡಿ ಸ್ಕೇಲು ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು; ಸೊನ್ನೆಗೆ ಒಂದು ಪಿನ್ನಿನ ನಡುವನ್ನು ಹೊಂದಿಸಿದರೆ ಅದರಿಂದಾಚೆಯ ಇಪ್ಪತ್ತನಾಲ್ಕನೆಯದು ಸರಿಯಾಗಿ 12 ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಹೊಸ ಚೈನಿನ ಹೊತ್ತು. ಮೂರು ಮಿಲಿಮೀಟರ್ ಹೋಗಿದ್ದರೆ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ. ಗೇರಿಲ್ಲದ ಸೈಕಲ್ಲಿನಲ್ಲಿ ಚಕ್ರ ಹಿಂದಕ್ಕೆಳೆದು ಚೈನು ಬಿಗಿ ಮಾಡಿಸುತ್ತಾರಲ್ಲ, ಅದರಿಂದ ಸವೆತ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಎಣ್ಣೆಯ ವಿಚಾರದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ತಂಡ 1999ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲದ್ದು. ಪೆಡಲಿಗೆ ಹಾಕಿದ ಶಕ್ತಿಯಲ್ಲಿ ಶೇ 98.6ರವರೆಗೆ ಚೈನು ಹಿಂದಿನ ಚಕ್ರಕ್ಕೆ ತಲುಪಿಸಿತು. ಅಚ್ಚರಿಯೆಂದರೆ ಸ್ವಚ್ಛವಾದ ಪ್ರಯೋಗಾಲಯದಲ್ಲಿ ಎಣ್ಣೆ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಣ್ಣೆಯ ಮುಖ್ಯ ಕೆಲಸ ದೂಳನ್ನು ಕೀಲಿನೊಳಕ್ಕೆ ಬಿಡದಿರುವುದು ಎಂದು ಅವರ ಊಹೆ. ನಮಗೆ ಇದರಿಂದ ತಿಳಿಯಬೇಕಾದ್ದು: ಎಣ್ಣೆ ಕೀಲಿನ ಒಳಗಿರಬೇಕು, ಮೇಲೆ ಸುರಿದಿರಬಾರದು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸುವುದು. ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿಯೇ ಇರುತ್ತದೆ, ಬೇಡ. ಅಡುಗೆಮನೆಯ ಕುಸುಬಿ ಎಣ್ಣೆಯಂತೂ ಬೇಡವೇ ಬೇಡ. ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುವ ಜಾತಿ. ಬಣ್ಣ, ವಾರ್ನಿಷ್ ಮಾಡುವವರು ಅದನ್ನು ಬಳಸುವುದೇ ಆ ಗುಣಕ್ಕೆ. ಮೊದಲ ವಾರ ಜಾರಿ ಓಡಿದ ಚೈನು ಆಮೇಲೆ ಅಂಟಂಟಾಗಿ ಇಡೀ ಸೀಮೆಯ ದೂಳನ್ನು ಹೊತ್ತು ತಿರುಗುತ್ತದೆ.

ಸವಳು ನೆಲದ ನೀರು ಸೈಕಲ್ಲಿಗೆ ಬೇರೆಯೇ ಕಾಟ. ತುಕ್ಕು ಹಿಡಿಯುವುದೆಂದರೆ ಕಬ್ಬಿಣದಿಂದ ಎಲೆಕ್ಟ್ರಾನ್ ಕಳಚಿ ಹೋಗುವುದು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಆ ಕೆಲಸ ಬೇಗ ಸಾಗುತ್ತದೆ. ಗದ್ದೆಯ ಬದುವಿನಿಂದ ಬಂದ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ. ಹಾಗೆಯೇ ಹಿಂದಿನ ಹಬ್ಬಿಗೆ ಸುತ್ತಿಕೊಂಡ ಭತ್ತದ ಹುಲ್ಲನ್ನು ಬಿಡಿಸಿ, ಅದು ನೀರು ಹಿಡಿದಿಟ್ಟುಕೊಂಡು ಒಳಗಿನ ಗುಂಡುಗಳನ್ನು ತಿನ್ನುತ್ತದೆ.

ಕಡ್ಡಿ ಮುರಿಯುವುದು ಏಕೆ? ಭಾರ ಹೆಚ್ಚಾಗಿ ಎಂದು ನಾವು. "ಬಿಗಿ ಇಲ್ರೀ, ಅದಕ್ಕ ಮುರೀತಾವ" ಎಂದು ಅನುಭವಸ್ಥ ಮೆಕ್ಯಾನಿಕ್. ಅವನದೇ ಸರಿ. ಸಾಮಾನ್ಯ ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿ. ಅಷ್ಟು ತೆಳು ತಂತಿಯನ್ನು ಮೇಲಿಂದ ಒತ್ತಿದರೆ ಬಾಗಿಬಿಡುತ್ತದೆ. ಅದಕ್ಕೇ ಎಲ್ಲವನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಚಕ್ರ ಉರುಳುವಾಗ ಹಬ್ಬಿನ ಕೆಳಗೆ ಬಂದ ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ, ದಾಟಿದ ಮೇಲೆ ಮತ್ತೆ ಏರುತ್ತದೆ. ಬಿಗಿ ಸಾಕಷ್ಟಿದ್ದರೆ ತೊಂದರೆಯಿಲ್ಲ. ಸಡಿಲವಿದ್ದರೆ ಪ್ರತಿ ಸುತ್ತಿಗೂ ಕಡ್ಡಿ ಪೂರ್ತಿ ಜೋಲು ಬಿದ್ದು ಮತ್ತೆ ಸೆಟೆದು, ಹಬ್ಬಿನ ಬಳಿಯ ಬಾಗಿದ ಕುತ್ತಿಗೆ ಸಾವಿರ ಸಾವಿರ ಸಲ ಅಲುಗಿ ದಣಿದು ತುಂಡಾಗುತ್ತದೆ. ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ತಿಂಗಳಲ್ಲೇ ಕೂತುಕೊಂಡು ಸಡಿಲವಾಗುತ್ತವೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಹಳ್ಳಿಗಳಿಗೆ ಒಮ್ಮೆಗೇ ಎಷ್ಟೊಂದು ಹೊಸ ಚಕ್ರ ಬಂದವು. ಮೊದಲ ತಿಂಗಳ ಕೊನೆಗೆ ಒಂದು ಸಲ ಕಡ್ಡಿ ಬಿಗಿಸಿಕೊಂಡ ಮಕ್ಕಳ ಸೈಕಲ್ ಹೆಚ್ಚು ಬಾಳಿರುತ್ತದೆ. ಪರೀಕ್ಷೆಗೆ ಸಲಕರಣೆ ಬೇಡ. ಬೆರಳಿನಿಂದ ಒಂದೊಂದನ್ನೇ ಮೀಟುತ್ತ ಹೋಗಿ, ಮಂಕಾಗಿ ದನಿ ಕೊಟ್ಟದ್ದು ಸಡಿಲ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತುಂಬಿದೆ. ಅದರ ಪದರಗಳು ನ್ಯಾನೋಮೀಟರ್ ದಪ್ಪದವು, ವಿದ್ಯುದಾವೇಶ ಹೊತ್ತವು. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಮಣ್ಣು ಉಬ್ಬುತ್ತದೆ, ಅಂಟುತ್ತದೆ. ಚಕ್ರ ಹತ್ತು ಸುತ್ತು ಉರುಳುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮೆತ್ತಿ ನಿಂತೇ ಬಿಡುತ್ತದೆ. ಇಲ್ಲಿ ಯಾವ ದುಬಾರಿ ಟೈರೂ ಉಪಯೋಗಕ್ಕೆ ಬಾರದು. ಮಳೆಯಾದ ದಿನ ಡಾಂಬರು ಬಿಡಬೇಡಿ. ಬಿಟ್ಟಿದ್ದರೆ ಸೈಕಲ್ ಹೆಗಲಿಗೇರಿಸಿ, ಹಸಿ ಇರುವಾಗಲೇ ಕಟ್ಟಿಗೆಯಿಂದ ಕೆರೆದು ತೆಗೆಯಿರಿ. ಒಣಗಿದರೆ ಇಟ್ಟಿಗೆ. ಸ್ಟೀಲ್ ರಿಮ್ಮಿನ ಬ್ರೇಕು ನೀರಿನಲ್ಲಿ ಬಹಳ ತಡವಾಗಿ ಹಿಡಿಯುತ್ತದೆ ಎಂಬುದೂ ಮಳೆಗಾಲದಲ್ಲಿ ನೆನಪಿರಲಿ. ನಿಲ್ಲುವ ಜಾಗಕ್ಕೆ ಬಹು ಮುಂಚೆಯೇ ಹಗುರಾಗಿ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ದೂರ ಹೋಗುವವರು ಸಾಮಾನು ಕಟ್ಟುವುದನ್ನು ಹಾಲಿನವರಿಂದ ಕಲಿಯಬಹುದು. ಕ್ಯಾನುಗಳು ಕ್ಯಾರಿಯರಿನ ಎರಡೂ ಮಗ್ಗುಲಿಗೆ, ಚಕ್ರದ ಅಚ್ಚಿನ ಮಟ್ಟಕ್ಕೆ ತೂಗುತ್ತವೆ; ಭಾರ ತಗ್ಗಿನಲ್ಲಿದ್ದರೆ ವಾಲಿದ ಸೈಕಲ್ಲನ್ನು ಎತ್ತಿಕೊಳ್ಳುವುದು ಸಲೀಸು. ಅದೇ ಭಾರ ಬೆನ್ನಚೀಲದಲ್ಲಿದ್ದರೆ ಬೆವರೂ ಹೆಚ್ಚು, ಸೊಂಟನೋವೂ ಹೆಚ್ಚು.

ಏರನ್ನು ನೆನೆದು ಹೆದರುವವರಿಗೆ ಒಂದು ಲೆಕ್ಕ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಇದ್ದು ನೂರು ಮೀಟರ್ ಎತ್ತರ ಏರಿದರೆ, ದೇಹದ ದಕ್ಷತೆ ನಾಲ್ಕರಲ್ಲೊಂದು ಎಂದು ಹಿಡಿದರೂ ಹೆಚ್ಚುವರಿ ಖರ್ಚು ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿ. ಗಾಳಿ ಹಾಗಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಎದುರುಗಾಳಿ ಸಿಕ್ಕರೆ ಮೈಗೆ ಬಡಿಯುವುದು 30ರ ಗಾಳಿ. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನಾಲ್ಕು ಪಟ್ಟು. ಮರವಿಲ್ಲದ ಬಯಲಿನಲ್ಲಿ ಆಷಾಢದ ಗಾಳಿಗೆ ಎದುರಾಗಿ ಹೊರಡುವ ಬದಲು ಬೆಳಕು ಹರಿಯುವ ಹೊತ್ತಿಗೆ ಅರ್ಧ ದಾರಿ ಮುಗಿಸುವುದು ಲೇಸು. 18 ಹಲ್ಲಿನ ಫ್ರೀವೀಲ್ ತೆಗೆಸಿ 20ರದು ಹಾಕಿಸಿದರೆ ಕಾಲಿನ ಒತ್ತು ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಇದರಷ್ಟು ಅಗ್ಗದ ಸುಧಾರಣೆ ಬೇರೆ ಇಲ್ಲ.

ಕೊನೆಗೆ ಯಾವ ಸೈಕಲ್ ಎಂಬ ಪ್ರಶ್ನೆ. ಮುದಗಲ್ಲಿನ ಕೋಟೆ, ಮಸ್ಕಿಯ ಶಾಸನ ನೋಡಿ ಸಿಂಧನೂರಿನತ್ತ ಹೋಗುವ ಪ್ರವಾಸಕ್ಕೆ ಇಪ್ಪತ್ತೊಂದು ಗೇರಿನದೂ ಆಗುತ್ತದೆ, ಗೇರಿಲ್ಲದ್ದೂ ಆಗುತ್ತದೆ. ನಾನು ನೋಡುವುದು ದಾರಿಬದಿಯ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು. 28 ಇಂಚಿನ ಟೈರು, ಟ್ಯೂಬು, ಗುಂಡು, ಬ್ರೇಕ್ ರಬ್ಬರು ಸಣ್ಣ ಊರುಗಳಲ್ಲೂ ಸಿಗುವಂಥವು. ಡಿಸ್ಕ್ ಬ್ರೇಕಿನ ಪ್ಯಾಡು, ಗೇರಿನ ಹ್ಯಾಂಗರ್, ತೆಳು ಟೈರಿನ ಟ್ಯೂಬು ಸಿಗುವ ಭರವಸೆ ಇಲ್ಲ, ಅವನ್ನು ಚೀಲದಲ್ಲಿ ಹೊತ್ತುಕೊಂಡೇ ಹೊರಡಬೇಕು. ಟ್ಯೂಬಿಗೆ ಪ್ರೆಸ್ಟಾ ವಾಲ್ವು ಇದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಮನೆಯಿಂದಲೇ ಜೇಬಿಗೆ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಪಂಪು ಎದುರಿಗಿದ್ದರೂ ಗಾಳಿ ಹೊಡೆಯಲಾಗದು.