ನೆಗೆಯದ ಬೆಕ್ಕು, ಏರಿದ ಸಕ್ಕರೆ

ಅಡುಗೆಮನೆಯ ಕಟ್ಟೆಯಿಂದ ಬೀರುವಿನ ತಲೆಗೆ, ಅಲ್ಲಿಂದ ಕಿಟಕಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದ ಬೆಕ್ಕು ಈಗ ಕುರ್ಚಿಯ ಮುಂದೆ ನಿಂತು ಮೇಲಕ್ಕೆ ನೋಡುತ್ತದೆ. ಒಂದು ಕ್ಷಣ ಯೋಚಿಸಿದಂತೆ ಮಾಡಿ ನೆಲದ ಮೇಲೇ ಮುದುಡಿ ಮಲಗುತ್ತದೆ. ‘ವಯಸ್ಸಾಯಿತು, ಪಾಪ’ ಎನ್ನುತ್ತಾರೆ ಅಜ್ಜಿ. ‘ತಿಂದು ತಿಂದು ಸೋಮಾರಿಯಾಗಿದೆ’ ಎನ್ನುತ್ತಾರೆ ಅಪ್ಪ. ಶಾಲೆಯಿಂದ ಬಂದ ಮಗಳು ಮಾತ್ರ ಇನ್ನೊಂದು ಸಂಗತಿ ಗಮನಿಸಿದ್ದಾಳೆ: ನೀರಿನ ಬಟ್ಟಲು ದಿನಕ್ಕೆ ಮೂರು ಸಲ ಖಾಲಿಯಾಗುತ್ತಿದೆ.

ಮೂವರಲ್ಲಿ ಪಶುವೈದ್ಯರು ಮೊದಲು ಕಿವಿಗೊಡುವುದು ಮಗಳ ಮಾತಿಗೆ. ಮನುಷ್ಯರ ಹಾಗೆ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಸಂಧಿವಾತವೂ ಬರುತ್ತದೆ. ಎರಡೂ ಒಂದೇ ದೇಹದಲ್ಲಿ ಸೇರಿಕೊಂಡಾಗ ನೋವಿಗೆ ಕೊಟ್ಟ ಮದ್ದು ಸಕ್ಕರೆಯನ್ನು ಏರಿಸಿಬಿಡಬಹುದು. ಮನೆಯವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

ನೋವು ನುಂಗುವ ಪ್ರಾಣಿ

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮಗೆಲ್ಲ ಗೊತ್ತು. ಬಾಯಿ ಮುಚ್ಚಿ ನೋವು ನುಂಗುವ ಬೆಕ್ಕು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾಯಿಯಾದರೆ ಕುಂಟುತ್ತದೆ, ಕುಂಯ್‌ಗುಡುತ್ತದೆ. ಬೆಕ್ಕು ಹಾಗಲ್ಲ. ಎರಡೂ ಬದಿಯ ಕೀಲುಗಳು ಸಮವಾಗಿ ಸವೆದಿದ್ದರೆ ಕುಂಟು ಕಾಣಿಸುವುದೂ ಕಡಿಮೆ. ಅದು ನೆಗೆಯುವುದನ್ನು ಬಿಡುತ್ತದೆ, ಅಷ್ಟೆ. ಬೆನ್ನು ನೆಕ್ಕಿಕೊಳ್ಳಲು ಆಗದೆ ರೋಮ ಗಂಟುಗಟ್ಟುತ್ತದೆ, ಉಗುರು ಬೆಳೆದು ಚಾಪೆಗೆ ಸಿಕ್ಕಿಕೊಳ್ಳುತ್ತದೆ, ಮರಳಿನ ತಟ್ಟೆಗೆ ಹತ್ತಲಾರದೆ ಪಕ್ಕದಲ್ಲೇ ಮೂತ್ರ ಮಾಡುತ್ತದೆ. ನಾವು ಬೈಯುತ್ತೇವೆ.

ಈ ತೊಂದರೆ ಅಪರೂಪದ್ದೇನಲ್ಲ. ಅಮೆರಿಕದ ಪಶುವೈದ್ಯರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿದಾಗ 90ರಲ್ಲಿ ಕೀಲು ಸವೆದ ಗುರುತು ಕಂಡಿತು. ಗುರುತು ಕಂಡ ಎಲ್ಲ ಬೆಕ್ಕಿಗೂ ನೋವಿರುತ್ತದೆ ಎಂದೇನಿಲ್ಲ. ಆದರೆ ‘ವಯಸ್ಸಾಯಿತು’ ಎಂದು ನಾವು ಕೈಬಿಡುವ ಎಷ್ಟೋ ಬೆಕ್ಕುಗಳ ತೊಂದರೆ ವಯಸ್ಸಲ್ಲ, ನೋವು.

ಕೀಲೋ, ನರವೋ?

ಸಕ್ಕರೆ ಕಾಯಿಲೆ ಇರುವ ಬೆಕ್ಕಿನಲ್ಲಿ ಇನ್ನೊಂದು ಗೊಂದಲವಿದೆ. ಬೆಕ್ಕು ಹುಟ್ಟಿನಿಂದಲೇ ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ, ಅದರ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಹಿಂಗಾಲಿನ ನರಗಳು ದುರ್ಬಲವಾಗಿ, ಹಿಮ್ಮಡಿ ಊರಿ, ಮೊಲದಂತೆ ಕುಳಿತು ನಡೆಯತೊಡಗುತ್ತದೆ. ನೋಡುವವರಿಗೆ ಇದೂ ಸಂಧಿವಾತದಂತೆಯೇ ತೋರುತ್ತದೆ. ಕೀಲುನೋವಾದರೆ ನೋವು ಶಮನ ಮಾಡಬೇಕು. ನರದ ತೊಂದರೆಯಾದರೆ ಸಕ್ಕರೆ ಹತೋಟಿಗೆ ಬರಬೇಕು. ಹಾಗೆ ಬಂದ ಮೇಲೆ ಕೆಲವು ವಾರ, ತಿಂಗಳುಗಳಲ್ಲಿ ಅನೇಕ ಬೆಕ್ಕುಗಳ ನಡಿಗೆ ಸುಧಾರಿಸುತ್ತದೆ. ಎರಡೂ ಒಟ್ಟಿಗೇ ಇರುವುದೂ ಉಂಟು. ಇದನ್ನು ತೀರ್ಮಾನಿಸಬೇಕಾದವರು ಕೀಲು ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸುವ ವೈದ್ಯರೇ.

ಅಜ್ಜಿಯ ಮಾತ್ರೆ ಬೇಡ

ಮನೆಯಲ್ಲಿ ಅಜ್ಜಿಗೂ ಸಕ್ಕರೆ, ಅಜ್ಜಿಗೂ ಮಂಡಿನೋವು. ಅವರ ಮಾತ್ರೆಯಲ್ಲಿ ಕಾಲುಭಾಗ ಬೆಕ್ಕಿಗೂ ಕೊಟ್ಟರೆ ಆಗದೇ? ಖಂಡಿತ ಆಗದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ 500 ಮಿಲಿಗ್ರಾಂ ಮಾತ್ರೆ ಒಂದೇ ಒಂದು ಸಾಕು, ಬೆಕ್ಕಿನ ಪ್ರಾಣ ಹೋಗಬಹುದು. ಈ ಔಷಧವನ್ನು ದೇಹದಿಂದ ಹೊರಹಾಕಲು ನಮ್ಮ ಯಕೃತ್ತು ಬಳಸುವ ಒಂದು ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಉಳಿದುಕೊಂಡ ವಿಷ ರಕ್ತಕಣಗಳನ್ನು ಕೆಡಿಸಿ, ಅವು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ವಸಡು ಕಂದಾಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಐಬುಪ್ರೊಫೇನ್ ಕೂಡ ಅಪಾಯವೇ. ತಪ್ಪಿ ಕೊಟ್ಟಿದ್ದರೆ ಕಾಯದೆ ಪಶುವೈದ್ಯರ ಬಳಿಗೆ ಓಡಬೇಕು.

ಇನ್ನು ಸ್ಟೀರಾಯ್ಡ್ ಚುಚ್ಚುಮದ್ದು. ಉರಿಯೂತವನ್ನು ಇದು ಬೇಗ ಇಳಿಸುತ್ತದೆ, ಬೆಕ್ಕು ಲವಲವಿಕೆಯಿಂದ ಓಡಾಡುತ್ತದೆ. ಆದರೆ ಸ್ಟೀರಾಯ್ಡ್ ಯಕೃತ್ತಿನಿಂದ ಹೆಚ್ಚು ಸಕ್ಕರೆ ಹೊರಬರುವಂತೆ ಮಾಡಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಹತೋಟಿಯಲ್ಲಿದ್ದ ಸಕ್ಕರೆ ಮತ್ತೆ ಏರುತ್ತದೆ. ಇಲ್ಲದ ಬೆಕ್ಕಿಗೂ ಕಾಯಿಲೆ ಬರಬಹುದು. ಆದ್ದರಿಂದ ಯಾವ ವೈದ್ಯರ ಬಳಿಗೆ ಹೋದರೂ ಮೊದಲ ಮಾತಾಗಿ ‘ಇದಕ್ಕೆ ಸಕ್ಕರೆ ಕಾಯಿಲೆ ಇದೆ’ ಎಂದು ಹೇಳುವುದು ಮನೆಯವರ ಕರ್ತವ್ಯ.

ಹಾಗಾದರೆ ನೋವಿಗೆ ಮದ್ದೇ ಇಲ್ಲವೇ? ಇದೆ. ಮೆಲಾಕ್ಸಿಕಾಂ ಎಂಬ ಔಷಧವನ್ನು ವೈದ್ಯರು ತೂಕ ನೋಡಿ ಹನಿಲೆಕ್ಕದಲ್ಲಿ ಕೊಡುವುದುಂಟು. ಅದು ಸಕ್ಕರೆ ಏರಿಸುವ ಸ್ಟೀರಾಯ್ಡ್ ಅಲ್ಲ. ಆದರೆ ಮೂತ್ರಪಿಂಡಕ್ಕೆ ಹೊರೆಯಾಗಬಲ್ಲದು. ಸಕ್ಕರೆ ಹತೋಟಿ ತಪ್ಪಿದ ಬೆಕ್ಕು ಎಷ್ಟು ನೀರು ಕುಡಿದರೂ ಮೂತ್ರದಲ್ಲಿ ಅದನ್ನು ಕಳೆದುಕೊಂಡು ಒಣಗಿರುತ್ತದೆ, ಆಗ ಈ ಹೊರೆ ಇನ್ನೂ ಹೆಚ್ಚು. ಆದ್ದರಿಂದ ಮೊದಲು ರಕ್ತ, ಮೂತ್ರ ಪರೀಕ್ಷೆ, ಆಮೇಲೆ ಔಷಧ. ತಿಂಗಳಿಗೊಮ್ಮೆ ಕೊಡುವ ಫ್ರುನೆವೆಟ್ಮ್ಯಾಬ್ ಎಂಬ ಹೊಸ ಚುಚ್ಚುಮದ್ದು ನೋವಿನ ಸಂದೇಶ ಸಾಗಿಸುವ ಒಂದು ಪ್ರೋಟೀನನ್ನು ತಡೆಯುತ್ತದೆ. ಬೆಕ್ಕಿನ ಸಂಧಿವಾತದ ನೋವಿಗೆಂದು ಅಮೆರಿಕ ಇದಕ್ಕೆ 2022ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನಿಮ್ಮೂರಿನಲ್ಲಿ ಸಿಗುತ್ತದೆಯೇ, ನಿಮ್ಮ ಬೆಕ್ಕಿಗೆ ಹೊಂದುತ್ತದೆಯೇ ಎಂದು ವೈದ್ಯರನ್ನೇ ಕೇಳಿ.

ಎರಡು ಕಾಯಿಲೆಗೂ ಒಂದೇ ಉಪಾಯ

ಎರಡಕ್ಕೂ ಒಟ್ಟಿಗೆ ಅನುಕೂಲವಾಗುವ ಉಪಾಯವೊಂದಿದೆ, ಅದು ತೂಕ ಇಳಿಸುವುದು. ಬೊಜ್ಜು ಸವೆದ ಕೀಲಿನ ಮೇಲೆ ಭಾರ ಹೇರುತ್ತದೆ, ಇನ್ಸುಲಿನ್ನಿನ ಬಲವನ್ನೂ ಕುಗ್ಗಿಸುತ್ತದೆ. ನಮ್ಮ ಮನೆಗಳಲ್ಲಿ ಬೆಕ್ಕಿನ ಊಟವೆಂದರೆ ಹಾಲು ಅನ್ನ. ಆದರೆ ಬೆಕ್ಕು ಮಾಂಸಾಹಾರಕ್ಕೆಂದೇ ರೂಪುಗೊಂಡ ಪ್ರಾಣಿ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಪಿಷ್ಟ ಕಡಿಮೆ, ಪ್ರೋಟೀನು ಹೆಚ್ಚು ಇರುವ ಆಹಾರ ಬೇಕು. ಹೀಗೆ ಆಹಾರ ಬದಲಿಸಿ, ಬೇಗನೆ ಇನ್ಸುಲಿನ್ ಆರಂಭಿಸಿದ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುವುದೂ ಉಂಟು.

ಹಾಗೆಂದು ಉಪವಾಸ ಕೆಡವಬೇಡಿ. ಕೆಲವೇ ದಿನ ತಿನ್ನದಿದ್ದರೂ ದಪ್ಪ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಕುತ್ತು ಬರುತ್ತದೆ. ವಾರಕ್ಕೆ ತೂಕದ ನೂರರಲ್ಲಿ ಒಂದು ಪಾಲು ಇಳಿದರೆ ಸಾಕು. ಆಹಾರ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ, ಏಕೆಂದರೆ ಇನ್ಸುಲಿನ್ನಿನ ಪ್ರಮಾಣವನ್ನೂ ತಗ್ಗಿಸಬೇಕಾಗಬಹುದು. ಸಕ್ಕರೆ ತೀರಾ ಇಳಿದರೆ ಬೆಕ್ಕು ತೂರಾಡುತ್ತದೆ, ಸೆಳೆತ ಬರುತ್ತದೆ. ಕೂಡಲೇ ವಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ವೈದ್ಯರಲ್ಲಿಗೆ ಒಯ್ಯಿರಿ. ಈ ತೂರಾಟವನ್ನೂ ಕೀಲುನೋವೆಂದು ತಪ್ಪು ತಿಳಿಯಬಾರದು.

ಮಕ್ಕಳು ಮಾಡಬಹುದಾದದ್ದು

ಉಳಿದ ಕೆಲಸ ಮನೆಯದು. ಅದರಲ್ಲಿ ಮಕ್ಕಳ ಪಾಲು ದೊಡ್ಡದು.

ಕಿಟಕಿಯ ಕೆಳಗೆ ಒಂದು ಮಣೆ, ಅದರ ಪಕ್ಕ ಗಟ್ಟಿ ಪೆಟ್ಟಿಗೆ ಇಟ್ಟರೆ ಮೆಟ್ಟಿಲಾಯಿತು. ಮರಳಿನ ತಟ್ಟೆಯ ಒಂದು ಬದಿಯ ಅಂಚನ್ನು ತಗ್ಗಾಗಿ ಕತ್ತರಿಸಿ. ಜಾರುವ ನೆಲದ ಮೇಲೆ ಬೆಕ್ಕು ಓಡಾಡುವ ದಾರಿಗೆ ಹಳೆಯ ಜಮಖಾನ ಹಾಸಿ. ಮಲಗಲು ಗಾಳಿ ಬೀಸದ ಮೂಲೆಯಲ್ಲಿ ಮೆತ್ತನೆಯ ಕೌದಿ ಇರಲಿ. ನೀರಿನ ಬಟ್ಟಲು ಒಂದರ ಬದಲು ಮೂರು ಕಡೆ ಇರಲಿ. ದಾರಕ್ಕೆ ಗರಿ ಕಟ್ಟಿ ದಿನಕ್ಕೆ ಎರಡು ಸಲ ಐದೈದು ನಿಮಿಷ ಆಡಿಸಿ. ನೆಗೆಸಬೇಡಿ, ನಡೆಸಿ.

ಒಂದು ನೋಟ್‌ಬುಕ್ಕನ್ನೂ ಇಡಿ. ದಿನಾಂಕ, ತಿಂದದ್ದು, ಕುಡಿದ ನೀರು, ಇನ್ಸುಲಿನ್ ಕೊಟ್ಟ ಹೊತ್ತು, ವಾರಕ್ಕೊಮ್ಮೆ ತೂಕ, ಕುರ್ಚಿ ಹತ್ತಿತೇ ಇಲ್ಲವೇ ಎಂಬುದನ್ನೆಲ್ಲ ಬರೆಯಿರಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡುವ ಬೆಕ್ಕು ತನ್ನ ನಿಜವಾದ ನಡಿಗೆ ತೋರಿಸುವುದಿಲ್ಲ. ಹೆದರಿಕೆಯಿಂದಲೇ ಅದರ ರಕ್ತದ ಸಕ್ಕರೆಯೂ ಏರುತ್ತದೆ. ಮನೆಯಲ್ಲಿ ಮೊಬೈಲಿನಿಂದ ತೆಗೆದ ಎರಡು ನಿಮಿಷದ ಚಿತ್ರ, ನೋಟ್‌ಬುಕ್ಕಿನ ನಾಲ್ಕು ಪುಟ ವೈದ್ಯರಿಗೆ ಹೆಚ್ಚು ಹೇಳುತ್ತವೆ.

ಇಷ್ಟೆಲ್ಲ ಮಾಡಿದರೂ ಸವೆದ ಕೀಲು ಹೊಸದಾಗುವುದಿಲ್ಲ. ಬೆಕ್ಕು ಮತ್ತೆ ಬೀರುವಿನ ತಲೆಗೆ ಹಾರಲಾರದು. ಆದರೆ ಒಂದು ಸಂಜೆ ಮಣೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕಿಟಕಿಗೆ ನಿಧಾನವಾಗಿ ಹತ್ತಿ, ಹೊರಗಿನ ಗುಬ್ಬಿಗಳನ್ನು ನೋಡುತ್ತ ಕುಳಿತೀತು. ಆ ದಿನ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಯಲು ಮರೆಯಬೇಡಿ.